ಗೆರೆಯಾಚೆ ಎರಡು ಬೆರಳು

ಈ ಸಲದ ಆಗಸ್ಟ್ ಬ್ಯಾಡ್ಮಿಂಟನ್ ಪಂದ್ಯದಲ್ಲಿ ನಿಯಮವೆಂದರೆ ನಿಯಮ, ಅದರಲ್ಲಿ ಅಪ್ಪನಿಲ್ಲ, ಮಾವನಿಲ್ಲ, ಕೇರಿಯ ಮುಖಂಡನೂ ಇಲ್ಲ ಎಂದು ವಿದಗ್ದೊ ಘೋಷಿಸಿದಾಗ ಅವನ ಬಾಯಲ್ಲಿ ಹುರಿದ ತೆಂಪೆಯ, ಅಂದರೆ ಹುಳಿಬರಿಸಿದ ಸೋಯಾ ಬಿಲ್ಲೆಯ, ತುಂಡಿತ್ತು. ಈ ಐತಿಹಾಸಿಕ ಘೋಷಣೆಯನ್ನು ಕೇಳಿಸಿಕೊಂಡವರು ಅವನ ಹೆಂಡತಿ ರುಮಿಯಾತಿ ಮತ್ತು ಹಿತ್ತಲಲ್ಲಿ ಕಾಲು ಕಟ್ಟಿಸಿಕೊಂಡು ಕೂತಿದ್ದ ಕೋಳಿಗಳು ಮಾತ್ರ. ಕೋಳಿಗಳು ಏನೂ ಹೇಳಲಿಲ್ಲ.

"ನಾಳೆ ಆಟ ಮುಖಂಡ್ರ ಜೊತೇನೇ ಅಲ್ವೇನ್ರೀ?" ಎಂದಳು ರುಮಿಯಾತಿ.

"ಆದ್ರೇನು?"

"ಏನೂ ಇಲ್ಲ. ಹೋಗೋ ಮುಂಚೆ ಆ ಕೋಳಿಗಳ ಮುಖ ಒಂದ್ಸಲ ನೋಡ್ಕೊಂಡು ಹೋಗಿ."

ಕೋಳಿಗಳ ಕಥೆ ಹೀಗಿತ್ತು. ಸ್ವಾತಂತ್ರ್ಯ ದಿನದ ಹಿಂದಿನ ಸಂಜೆ ಕ್ಲಾತೆನ್ ಊರಿನ ಆ ಕೇರಿಯವರೆಲ್ಲ ಓಣಿಯಲ್ಲಿ ಚಾಪೆ ಹಾಸಿ ಒಟ್ಟಿಗೆ ಉಣ್ಣುತ್ತಾರೆ. ಹಳದಿ ಅನ್ನದ ಗೋಪುರ, ಸುತ್ತ ಕೋಳಿ, ಕಾಯಿತುರಿ ಬೆರೆಸಿದ ಸೊಪ್ಪು, ಎಲ್ಲವೂ ಮುಖಂಡರ ಮನೆಯಿಂದ ಬರಬೇಕೆಂಬುದು ಅಲ್ಲಿಯ ಪದ್ಧತಿ. ಮುಖಂಡ ಸುರತ್ಮಾನರ ಹೆಂಡತಿಗೆ ಅಡುಗೆಯೆಂದರೆ ಅಲರ್ಜಿ. ಹಾಗಾಗಿ ಆಕೆ ಪ್ರತಿ ವರ್ಷ ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ರುಮಿಯಾತಿಯಿಂದ ಮಾಡಿಸುತ್ತಿದ್ದರು. ಆ ಊಟ ಉಂಡವರೇ ಮುಂದೆ ಮದುವೆ ಮುಂಜಿಗಳಿಗೆ ಅವಳನ್ನು ಕರೆಯುತ್ತಿದ್ದದ್ದು. ಈ ಸಲ ಆರ್ಡರಿನ ಮಾತು ಬಾಯಲ್ಲಷ್ಟೇ ಆಗಿತ್ತು. ಆದರೂ ರುಮಿಯಾತಿ ಧೈರ್ಯ ಮಾಡಿ ಕೋಳಿ ತಂದು ಕಟ್ಟಿದ್ದಳು, ಕಾಯಿ ರಾಶಿ ಹಾಕಿದ್ದಳು. ಮಸೀದಿಯ ಹಿಂದಿನ ಓಣಿಯಲ್ಲಿ ಇನ್ನೊಬ್ಬ ಅಡುಗೆಯವಳು ಈ ಆರ್ಡರಿಗೆ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.

ಇನ್ನು ಸುರತ್ಮಾನರ ವಿಷಯ. ಅವರಿಗೆ ಸಿಟ್ಟು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಸಿಟ್ಟು ಬಂದರೆ ಅವರು ನಗುತ್ತಿದ್ದರು. ತೊಂದರೆಯೇನೆಂದರೆ ಖುಷಿಯಾದರೂ ನಗುತ್ತಿದ್ದರು. ಯಾವುದು ಯಾವ ನಗು ಎಂದು ತಿಳಿಯದೆ ಕೇರಿಯ ಗಂಡಸರೆಲ್ಲ ಒಂಬತ್ತು ವರ್ಷದಿಂದ ಭಯಭಕ್ತಿಯಲ್ಲಿ ಬದುಕಿದ್ದರು. ಅಷ್ಟು ವರ್ಷ ಅವರೇ ಮುಖಂಡರಾಗಿ ಉಳಿದದ್ದಕ್ಕೆ ಭಯವೊಂದೇ ಕಾರಣವಲ್ಲ. ಆ ಸಂಬಳವಿಲ್ಲದ ಕೆಲಸ ಯಾರಿಗೂ ಬೇಡವಾಗಿತ್ತು. ಆಯ್ಕೆಯ ದಿನ ಬಂತೆಂದರೆ ಎಲ್ಲರಿಗೂ ಒಟ್ಟಿಗೇ ಮಂಡಿನೋವು ಶುರುವಾಗುತ್ತಿತ್ತು.

ವಿದಗ್ದೊ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುವವನು. ಗಡಿರೇಖೆಗಳೆಂದರೆ ಅವನಿಗೆ ಪ್ರಾಣ. ಕೇರಿಯ ರಾತ್ರಿ ಗಸ್ತಿನವರು ಕೂರುವ ಗುಡಿಸಲಿನ ಪಕ್ಕದ ಸಿಮೆಂಟ್ ಅಂಗಳಕ್ಕೆ ಬಿಳಿ ಗೆರೆ ಬಳಿದವನೂ ಅವನೇ. ಅಲ್ಲಿ ಅಂಪೈರ್ ಎಂಬ ಪ್ರಾಣಿಯಿಲ್ಲ. ಷಟಲ್ ಯಾರ ಅಂಗಳದ ಕಡೆ ಬೀಳುತ್ತದೋ ಅದು ಒಳಗೋ ಹೊರಗೋ ಎಂದು ಅವರೇ ಹೇಳಬೇಕು, ಎದುರಿನವರು ತುಟಿಪಿಟಕ್ಕೆನ್ನದೆ ಒಪ್ಪಬೇಕು. ನಿಜವಾಗಿಯೂ ಅನುಮಾನವಿದ್ದರೆ ಮಾತ್ರ ಆ ಅಂಕವನ್ನು ಇನ್ನೊಮ್ಮೆ ಆಡಬೇಕು. ಕೇಳಲು ಎಷ್ಟು ಸೊಗಸಾದ ನಿಯಮ! ಸುರತ್ಮಾನರು ಹೊಡೆದ ಷಟಲ್ ನಿಮ್ಮ ಅಂಗಳದ ಹೊರಗೆ ಬಿದ್ದ ದಿನ ಅದರ ನಿಜವಾದ ರುಚಿ ತಿಳಿಯುತ್ತದೆ.

ಮರುದಿನ ಸಂಜೆ ದೀಪ ಹತ್ತಿದವು. ಮುಂದೆ ನಿಂತು ಆಡಲು ವಿದಗ್ದೊನ ಜೊತೆಗಾರ ಪಕ್ಕದ ಮನೆಯ ಕ್ಷೌರಿಕ ಗಿಯಾರ್ತೊ. ಹಿಂದಿನ ಗೆರೆ ಪೂರ್ತಿ ವಿದಗ್ದೊನ ಪಾಲು. ಆಚೆ ಸುರತ್ಮಾನರು ತಮ್ಮ ಭಾವಮೈದುನನ ಜೊತೆ ನಿಂತಿದ್ದರು. ಕಟ್ಟೆಯ ಮೇಲೆ ಸುರತ್ಮಾನರ ಹೆಂಡತಿ, ಅವರ ಪಕ್ಕದಲ್ಲೇ ರುಮಿಯಾತಿ. ರುಮಿಯಾತಿಯ ಕಣ್ಣು ನೋಡಿದ್ದೇ ತಡ, ವಿದಗ್ದೊನ ಘೋಷಣೆ ಗಂಟಲಲ್ಲಿ ತೆಂಪೆಯ ಹಾಗೆ ಸಿಕ್ಕಿಕೊಂಡಿತು.

ಸುರತ್ಮಾನರ ಮೊದಲ ಹೊಡೆತ ಗೆರೆಯಿಂದ ಒಂದು ಗೇಣು ಆಚೆ ಬಿತ್ತು. "ಒಳಗೆ" ಎಂದ ವಿದಗ್ದೊ. ಎರಡನೆಯದು ಒಂದು ಮೊಳ ಆಚೆ. ಅದೂ ಒಳಗೆ. ಮುಂದಿನದು ನೇರ ಚರಂಡಿಗೇ ಇಳಿಯಿತು. ವಿದಗ್ದೊ ಅದನ್ನು ಎತ್ತಿ ಕೊಡವುತ್ತ, ಗಾಳಿ ಹೊತ್ತೊಯ್ದಿದ್ದು, ಮೊದಲು ಗೆರೆಯ ಮೇಲೇ ಕೂತಿತ್ತು ಎಂದ. ಎಲೆ ಕೂಡ ಅಲ್ಲಾಡದ ಸಂಜೆಯದು. ಸುರತ್ಮಾನರು ನಕ್ಕರು. ವಿದಗ್ದೊ ಅವಸರದಿಂದ ಅವರ ಅಂಕವನ್ನು ಇನ್ನೊಮ್ಮೆ ಗಟ್ಟಿಯಾಗಿ ಕೂಗಿದ.

ಆದರೂ ಸೋಲುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಸುರತ್ಮಾನರು ಮೇಲಿಂದ ಮೇಲೆ ಬಲೆಗೇ ಹೊಡೆಯುತ್ತಿದ್ದರು. ಬಲೆಗೆ ಬಡಿದು ಅವರ ಕಾಲ ಬಳಿಯೇ ಬಿದ್ದ ಷಟಲನ್ನು ಒಳಗೆ ಎನ್ನುವ ಧೈರ್ಯ ಯಾವ ಹೆದರುಪುಕ್ಕಲನಿಗೂ ಬರದು. ಹೀಗೆ ಒಲ್ಲದ ಅಂಕಗಳು ಒಂದೊಂದಾಗಿ ಇವನ ಕೊರಳಿಗೆ ಬಿದ್ದು ಇಪ್ಪತ್ತು ಹತ್ತೊಂಬತ್ತಾಯಿತು. ಇನ್ನೊಂದು ಬಂದರೆ ಇವನೇ ಗೆದ್ದುಬಿಡುತ್ತಾನೆ! ದೇವರೇ, ಈ ಒಂದು ಅಂಕ ನನಗೆ ಬೇಡ ಎಂದು ಬೇಡಿಕೊಂಡ.

ಸುರತ್ಮಾನರು ಎತ್ತಿ ಹೊಡೆದರು. ಷಟಲ್ ದೀಪದ ಬೆಳಕಿನಲ್ಲಿ ತೇಲಿ ಬಂದು ಹಿಂದಿನ ಗೆರೆಯಾಚೆ ಎರಡೇ ಬೆರಳಿನ ದೂರದಲ್ಲಿ ಕೂತಿತು. ಅವನೇ ಬಳಿದ ಗೆರೆ. ಹದಿನಾಲ್ಕು ವರ್ಷ ಮಕ್ಕಳಿಗೆ ಗಡಿ ಕಲಿಸಿದ ಬಾಯಿ ತನ್ನ ಯಜಮಾನನನ್ನು ಒಂದು ಮಾತೂ ಕೇಳದೆ ತೆರೆದುಕೊಂಡಿತು.

"ಔಟ್."

ಗಿಯಾರ್ತೊ ರಾಕೆಟ್ಟಿನಿಂದ ಮುಖ ಮುಚ್ಚಿಕೊಂಡ. ಸಂದಿಯಿರುವ ವಸ್ತುವಾದ್ದರಿಂದ ಅದರಿಂದ ಏನೂ ಪ್ರಯೋಜನವಾಗಲಿಲ್ಲ. ವಿದಗ್ದೊ ತೊದಲುತ್ತ, ಅನುಮಾನ ಇದ್ದರೆ ಇನ್ನೊಮ್ಮೆ ಆಡೋಣ ಎಂದ. ಸುರತ್ಮಾನರು ಬಲೆಯ ಬಳಿಗೆ ಬಂದು ಕೈ ಕುಲುಕಿ, "ಅನುಮಾನ ಯಾಕೆ ಮೇಷ್ಟ್ರೇ, ನಿಮ್ಮ ಅಂಗಳ, ನಿಮ್ಮ ಮಾತು" ಎಂದು ನಕ್ಕರು. ಒಂಬತ್ತು ವರ್ಷದಲ್ಲಿ ಕೇರಿ ಕಾಣದಷ್ಟು ಅಗಲವಾದ ನಗು.

ಮನೆಯಲ್ಲಿ ರುಮಿಯಾತಿ ಜಗಳವಾಡಲಿಲ್ಲ. ಅದರಿಂದಲೇ ವಿದಗ್ದೊನಿಗೆ ಹೆಚ್ಚು ಹೆದರಿಕೆಯಾಯಿತು. ಮರುದಿನ ಸುರತ್ಮಾನರ ಹೆಂಡತಿ ಓಣಿಯ ಅಂಗಡಿಯಲ್ಲಿ ಅವಳಿಗೆ ಸಿಕ್ಕರೂ ಉಪ್ಪು ಮಾತ್ರ ಕೊಂಡು ಹೋದರಂತೆ, ಹಳದಿ ಅನ್ನದ ಮಾತೇ ಎತ್ತಲಿಲ್ಲವಂತೆ.

"ನಕ್ಕರಾ?" ಎಂದು ವಿದಗ್ದೊ ಕೇಳಿದ.

"ಎರಡ್ಸಲ ನಕ್ಕರು."

ಎರಡು ಸಲ! ವಿದಗ್ದೊ ಅನ್ನದ ತಟ್ಟೆ ಪಕ್ಕಕ್ಕಿಟ್ಟ. ಹಿತ್ತಲಲ್ಲಿ ಕೋಳಿಗಳು ಇನ್ನು ಇದೇ ನಮ್ಮ ಮನೆ ಎಂಬಂತೆ ನಿಶ್ಚಿಂತೆಯಿಂದ ಕೂತಿದ್ದವು. ಅವುಗಳನ್ನು ನೋಡಿ ಅವನಿಗೆ ನಿಜಕ್ಕೂ ಅಳು ಬಂತು. ತನ್ನ ಒಂದು ಮಾತಿಗೆ ಹೆಂಡತಿಯ ವರ್ಷದ ದುಡಿಮೆ ಹೋಗುವುದನ್ನು ತಡೆಯಲೇಬೇಕೆಂದು ಕರಿದ ಬಾಳೆಹಣ್ಣು ಕಟ್ಟಿಸಿಕೊಂಡು ಮುಖಂಡರ ಮನೆಗೆ ನಡೆದ.

ಸುರತ್ಮಾನರು ಅಂಗಳದಲ್ಲಿ ಪಂಜರದ ಹಕ್ಕಿಗೆ ಕಾಳು ಹಾಕುತ್ತಿದ್ದರು. ಇವನು ದೀಪದ ಪ್ರಖರತೆ, ತನ್ನ ಕಣ್ಣಿನ ದೋಷ ಎಂದು ಶುರುಮಾಡಿದ. ಅವರು ಕೈಯೆತ್ತಿ ತಡೆದರು.

"ಮೇಷ್ಟ್ರೇ, ಅದು ಹೊರಗೆ ಬಿದ್ದಿತ್ತೋ ಇಲ್ವೋ?"

ಒಳಗೆ ಎನ್ನಲು ಬಾಯಿ ತೆರೆದ. ಬಾಯಿ ಮತ್ತೆ ಕೈಕೊಟ್ಟಿತು. "ಎರಡು ಬೆರಳು ಹೊರಗೆ, ಯಜಮಾನ್ರೇ."

"ನಾನು ನಾಲ್ಕು ಅಂದ್ಕೊಂಡಿದ್ದೆ." ಸುರತ್ಮಾನರು ಬಾಳೆಹಣ್ಣು ತೆಗೆದುಕೊಂಡು ನಕ್ಕರು. "ಇವತ್ತು ಸಂಜೆ ಸಭೆ ಇದೆ. ತಪ್ಪಿಸ್ಬೇಡಿ."

ಎಲ್ಲರೆದುರು ಮಾನ ತೆಗೆಯುತ್ತಾರೆ ಎಂಬುದರಲ್ಲಿ ವಿದಗ್ದೊನಿಗೆ ಅನುಮಾನ ಉಳಿಯಲಿಲ್ಲ. ಸಂಜೆಯಾಗುವಷ್ಟರಲ್ಲಿ ಹೊಟ್ಟೆನೋವು ತಂದುಕೊಂಡ. ಹೊಟ್ಟೆಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು, ತಲೆತನಕ ಹೊದ್ದು ಮಲಗಿದ. ಓಣಿಯಲ್ಲಿ ಎಲೆ ಬಿದ್ದರೂ ಬೆಚ್ಚುತ್ತಿದ್ದ. ಕೊನೆಗೆ ಬಾಗಿಲು ಬಡಿದ ಸದ್ದಾಯಿತು. ಗಿಯಾರ್ತೊ ಒಳಗೆ ಬಂದು ಮಂಚದ ಪಕ್ಕ ಕೈಕಟ್ಟಿ ನಿಂತ.

"ಹೊಟ್ಟೆನೋವು ಹೇಗಿದೆ, ಮುಖಂಡ್ರೇ?"

ವಿದಗ್ದೊ ಹೊದಿಕೆ ಸರಿಸಿ ಗಿಯಾರ್ತೊನ ಹಿಂದೆ ಇಣುಕಿದ. ಸುರತ್ಮಾನರು ಅಲ್ಲೆಲ್ಲೂ ಇರಲಿಲ್ಲ.

ಸಭೆಯಲ್ಲಿ ನಡೆದದ್ದನ್ನು ಗಿಯಾರ್ತೊ ಹೇಳಿದ. ಓಣಿಗೆ ಅಡ್ಡ ಬೈಕ್ ನಿಲ್ಲಿಸುವವರಿಗೆ, ಚರಂಡಿಗೆ ಕಸ ಸುರಿಯುವವರಿಗೆ ಮುಖದ ಮೇಲೆ ಇಲ್ಲ ಎನ್ನಬಲ್ಲ ಒಬ್ಬನನ್ನು ತಾನು ಒಂಬತ್ತು ವರ್ಷದಿಂದ ಹುಡುಕುತ್ತಿದ್ದೆ, ನಿನ್ನೆ ಹಿಂದಿನ ಗೆರೆಯ ಹತ್ತಿರ ಸಿಕ್ಕಿದ ಎಂದರಂತೆ ಸುರತ್ಮಾನರು. ಯಾರಿಗೂ ಮಂಡಿನೋವು ನೆನಪಾಗಲಿಲ್ಲ. ಎಲ್ಲರೂ ಎರಡೆರಡು ಕೈ ಎತ್ತಿದರಂತೆ. ಬಾರದವನು ಒಪ್ಪಿದಂತೆಯೇ ಲೆಕ್ಕ.

ವಿದಗ್ದೊನಿಗೆ ಮೊದಲು ಬಂದದ್ದು ಸಮಾಧಾನದ ನಿಟ್ಟುಸಿರು. ಹಾಗಾದರೆ ಅವರಿಗೆ ಸಿಟ್ಟಿರಲಿಲ್ಲ! ಎದ್ದು ಕೂತು ಅಡುಗೆಮನೆಯತ್ತ ತಿರುಗಿ, "ಕೇಳಿದ್ಯಾ? ಅನ್ನ ಎಲ್ಲೂ ಹೋಗಲ್ಲ, ಈ ಮನೇಲೇ ಆಗತ್ತೆ" ಎಂದು ಕೂಗಿದ.

ರುಮಿಯಾತಿ ಬಾಗಿಲಿಗೆ ಬಂದಳು. "ಆಗತ್ತೆ. ಇಷ್ಟು ವರ್ಷ ದುಡ್ಡು ಕೊಟ್ಟು ಮಾಡಿಸ್ತಿದ್ದೋರು ಯಾರು?"

"ಮುಖಂಡ್ರ ಹೆಂಡ್ತಿ."

"ಈಗ ಮುಖಂಡ್ರ ಹೆಂಡ್ತಿ ಯಾರು?"

ನೀಲಗಿರಿ ಎಣ್ಣೆ ಹಚ್ಚಿದ ಹೊಟ್ಟೆ ಈಗ ನಿಜವಾಗಿಯೂ ನೋಯತೊಡಗಿತು. ವಿದಗ್ದೊ ಗಿಯಾರ್ತೊನ ಕೈ ಹಿಡಿದುಕೊಂಡು, ಅನುಮಾನವಿದ್ದರೆ ಇನ್ನೊಮ್ಮೆ ಆಡಬಹುದೆಂಬ ನಿಯಮ ಸಭೆಗೂ ಅನ್ವಯಿಸುತ್ತದಲ್ಲವೇ ಎಂದು ದೀನನಾಗಿ ಕೇಳಿದ.

"ಅವರನ್ನೇನು ಕೇಳ್ತೀರಿ?" ಎಂದಳು ರುಮಿಯಾತಿ. ಕಾಯಿ ತುರಿಯುವ ಹಲಗೆಯನ್ನು ತಂದು ಅವನ ತೊಡೆಯ ಮೇಲಿಟ್ಟಳು. "ನಮ್ಮ ಅಂಗಳಕ್ಕೆ ಬಿದ್ದಿದೆ, ಹೇಳೋಳು ನಾನು. ಎರಡು ಬೆರಳು ಒಳಗೇ ಇದೆ. ತುರೀರಿ."