ಭೀಮರಾಜನ ಕಿಸೆಯ ಪೆಪ್ಪರ್‌ಮೆಂಟು

ಮರಿಬಸಪ್ಪ ಅವತ್ತು ಬೆಳಿಗ್ಗೆ ಇನ್ಸುಲಿನ್ ಚುಚ್ಚಿಸಿಕೊಂಡು, ರೊಟ್ಟಿ ತಿನ್ನದೆ ಮನೆ ಬಿಟ್ಟ. ಎಲ್ಲ ರಾದ್ಧಾಂತಕ್ಕೂ ಇಷ್ಟೇ ಕಾರಣ. ರೊಟ್ಟಿ ಬೇಯುವ ತನಕ ಕಾದಿದ್ದರೆ ಎದುರುಮನೆಯ ಭೀಮರಾಜ ಎದ್ದು ಬಂದು, ನಾನೂ ಬರ್ತೀನಿ ಅಂತ ಗಂಟು ಬೀಳುತ್ತಿದ್ದ. ಬಾಯಿ ಮುಚ್ಚದ ಅವನ ಜೊತೆ ನಡೆಯೋದೂ ಒಂದೇ, ಅಕ್ಕಿ ಗಿರಣಿಯೊಳಗೆ ಧ್ಯಾನಕ್ಕೆ ಕೂಡೋದೂ ಒಂದೇ.

ಈ ಹಾಳು ಸಕ್ಕರೆ ಕಾಯಿಲೆ ಮರಿಬಸಪ್ಪನಿಂದ ಒಂದೊಂದೇ ಕಿತ್ತುಕೊಂಡಿತ್ತು. ಕಣ್ಣು ಮಂಜಾದ ಮೇಲೆ ಸ್ಕೂಟರಿನ ಕೀಲಿ ಮಗನ ಪಾಲಾಯಿತು. ಕಾಲಿಗೊಂದು ಹುಣ್ಣಾಗಿ ಮಾಯುವಷ್ಟರಲ್ಲಿ ಉಗುರು ಕತ್ತರಿಸಿಕೊಳ್ಳುವ ಹಕ್ಕೂ ಹೋಯಿತು; ಈಗ ಸೊಸೆ ಗಂಗೋತ್ರಿ ಕತ್ತರಿಸುತ್ತಾಳೆ, ಇವನು ಕಾಲು ಚಾಚಿ ಸುಮ್ಮನೆ ಕೂಡುತ್ತಾನೆ. ಉಳಿದದ್ದು ಒಂದೇ ಸುಖ: ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ತನಕ ಒಬ್ಬನೇ ನಡೆದು, ಹುಲುಗೇಶನ ಅಂಗಡಿಯಲ್ಲಿ ಸಪ್ಪೆ ಚಾ ಕುಡಿದು ಬರೋದು.

ಅದಕ್ಕೂ ಕುತ್ತು ಬಂದಿತ್ತು. ಹೋದ ತಿಂಗಳು ತಲೆ ಸುತ್ತುತ್ತದೆ ಅಂತ ನಾಟಕ ಮಾಡಿ ಹುಲುಗೇಶನಿಂದ ಮೈಸೂರುಪಾಕು ಗಿಟ್ಟಿಸಿದ್ದು ಬಯಲಾಗಿತ್ತು. ಇನ್ನೊಂದು ಸಲ ಏನಾದರೂ ಆದರೆ ಒಬ್ಬರೇ ಹೊರಗೆ ಹೋಗೋದು ಬಂದ್ ಅಂತ ಗಂಗೋತ್ರಿ ಹೇಳಿಬಿಟ್ಟಿದ್ದಳು. ಸಾಲದ್ದಕ್ಕೆ ಓಣಿಯ ವಾಟ್ಸಾಪ್ ಗುಂಪಿಗೆ ಮಾವನ ಫೋಟೋ ಹಾಕಿ, ‘ಇವರಿಗೆ ಸಿಹಿ ಕೊಡಬ್ಯಾಡ್ರಿ’ ಅಂತ ಬರೆದಿದ್ದಳು. ಪೊಲೀಸರು ಕಳ್ಳರ ಫೋಟೋ ಹಾಕುತ್ತಾರಲ್ಲ, ಹಾಗೆ.

ಅಂಗಡಿ ಮುಟ್ಟುವಷ್ಟರಲ್ಲಿ ಕೈ ನಡುಗಿತು, ಅಂಗಿ ಬೆವರಿಗೆ ಒದ್ದೆಯಾಯಿತು. ಸಕ್ಕರೆ ಇಳಿದುಬಿಟ್ಟಿದೆ ಅಂತ ಅವನಿಗೆ ಗೊತ್ತಾಯಿತು.

"ಹುಲುಗೇಶ, ಒಂದು ಮುಟಿಗಿ ಸಕ್ರಿ ಕೊಡಪ್ಪ. ತಲಿ ತಿರಗಾಕತ್ತೈತಿ."

"ತಾತಾ, ಹೋದ ತಿಂಗಳ ಇದಕಿಂತ ಚಂದ ಮಾಡಿದ್ರಿ," ಅಂದ ಹುಲುಗೇಶ.

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮರಿಬಸಪ್ಪ ಸಕ್ಕರೆ ಡಬ್ಬಕ್ಕೆ ಕೈ ಹಾಕಿದ, ಹುಲುಗೇಶ ಅದನ್ನೆತ್ತಿ ಮೇಲಿನ ಹಲಗೆಗೆ ಇಟ್ಟ. ಪಕ್ಕದ ಗಾಡಿಯ ಪಾರಮ್ಮನ ಬಾಳೆಹಣ್ಣಿಗೆ ಕೈ ಚಾಚಿದರೆ ಅವಳು ನಾಲ್ಕು ಮಾತು ಬೈದು, ಬದಲಿಗೆ ಸೌತೆಕಾಯಿ ಕೊಟ್ಟಳು; ದುಡ್ಡು ಬೇಡ ಅಂದಳು. ಒಬ್ಬ ಮುದುಕನನ್ನು ಸಾಯಿಸುವುದಕ್ಕೆ ಇಷ್ಟೊಂದು ಮಂದಿ ಕಾಳಜಿ ಮಾಡಿದ್ದು ಊರಲ್ಲಿ ಅದೇ ಮೊದಲು. ಮರಿಬಸಪ್ಪ ಸೌತೆಕಾಯಿ ಹಿಡಿದುಕೊಂಡೇ ನೆಲಕ್ಕೆ ಬಿದ್ದ.

ಕಣ್ಣು ಬಿಟ್ಟಾಗ ದವಾಖಾನೆಯಲ್ಲಿದ್ದ, ಗ್ಲೂಕೋಸ್ ಏರುತ್ತಿತ್ತು. ಡಾಕ್ಟರು ಗಂಗೋತ್ರಿಯನ್ನೇ ತರಾಟೆಗೆ ತೆಗೆದುಕೊಂಡರು. ಹೊರಗೆ ಹೋದಾಗ ಇವರ ಜೊತೆ ಸಿಹಿ ಇರಲೇಬೇಕು ಅಂದರು. ಮರಿಬಸಪ್ಪನಿಗೆ ಹೋದ ಜೀವ ಬಂತು. ಡಾಕ್ಟರ ಅಪ್ಪಣೆಯ ಮೇಲೆ ಕಿಸೆ ತುಂಬ ಪೆಪ್ಪರ್‌ಮೆಂಟು!

ಮನೆಗೆ ಬಂದ ಮೇಲೆ ಗಂಗೋತ್ರಿ ಪೆಪ್ಪರ್‌ಮೆಂಟಿನ ಡಬ್ಬಿ ತಂದಳು. ತಂದು ಭೀಮರಾಜನ ಕೈಗೆ ಕೊಟ್ಟಳು.

"ನಿಮ್ಮ ಕಿಸೇದಾಗ ಇಟ್ರ ಓಣಿ ದಾಟೂದ್ರಾಗ ಖಾಲಿ, ಮಾವಾರ. ಇನ್ನ ಕಾಕಾರು ದಿನಾ ಜೊತಿಗೆ ಬರ್ತಾರ."

"ನಾ ಒಬ್ಬನ ನಡೀಬೇಕವ್ವ," ಅಂದ ಮರಿಬಸಪ್ಪ. "ಅದೊಂದ ಉಳದೈತಿ ನನಗ."

ಗಂಗೋತ್ರಿಯ ಕಣ್ಣು ತುಂಬಿ ಬಂತು. ಡಬ್ಬಿ ಮಾತ್ರ ಭೀಮರಾಜನ ಕಿಸೆಯಲ್ಲೇ ಉಳಿಯಿತು. ಸಿಟ್ಟಿಗೆ ಮರಿಬಸಪ್ಪ ಮಧ್ಯಾಹ್ನದ ಊಟ ಬಿಟ್ಟ.

ಸಂಜೆ ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಭೀಮರಾಜ ತನ್ನ ಮೊಣಕಾಲು ನೋವಿನ ಕಥೆಯಿಂದ ಶುರುಮಾಡಿ ಬೀಗರ ಮೊಣಕಾಲಿನ ತನಕ ಬಂದಿದ್ದ, ಅಷ್ಟರಲ್ಲಿ ಮರಿಬಸಪ್ಪನ ಕೈ ಮತ್ತೆ ನಡುಗಿತು. ಡಬ್ಬಿ ತೆಗೀರಿ ಅಂದ. ಭೀಮರಾಜ ಹುಟ್ಟಿದಾಗಿನಿಂದ ಮೊದಲ ಸಲ ಮಾತು ನಿಲ್ಲಿಸಿದ. ಡಬ್ಬಿ ಬಿಚ್ಚಿದರೆ ಒಳಗೆ ಬರೀ ಪೆಪ್ಪರ್‌ಮೆಂಟು ಸುತ್ತಿದ್ದ ಖಾಲಿ ಕಾಗದ.

"ತಪ್ಪಾತ್ರಿ, ಮರಿಬಸಪ್ಪಾರ. ನನಗೂ ಸಕ್ರಿ ಕಾಯಿಲಿ ಐತಿ. ಮನ್ಯಾಗ ಮುಟ್ಟಾಕ ಬಿಡಂಗಿಲ್ಲ."

ಬೆಳಿಗ್ಗೆ ಬುದ್ಧಿ ಕಲಿತಿದ್ದ ಹುಲುಗೇಶ ಸಕ್ಕರೆ ಡಬ್ಬ ಹಿಡಿದು ಓಡಿ ಬಂದದ್ದಕ್ಕೆ ಜೀವ ಉಳಿಯಿತು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ತೀರ್ಪಾಯಿತು. ಇನ್ನು ಮುಂದೆ ಯಾರ ಜೊತೆಗೂ ಹೊರಗೆ ಹೋಗೋದು ಬೇಡ, ಚಾ ಮನೆಯಲ್ಲೇ. ಬೇಜಾರಾಗದ ಹಾಗೆ ಮಾತಿಗೊಬ್ಬರು ಇರ್ತಾರೆ ಅಂದಳು ಗಂಗೋತ್ರಿ.

ಮರಿಬಸಪ್ಪ ಬಾಗಿಲ ಕಡೆ ನೋಡಿದ. ಭೀಮರಾಜ ಆಗಲೇ ತನ್ನ ಮನೆಯ ಕುರ್ಚಿ ಹೊತ್ತುಕೊಂಡು ಓಣಿ ದಾಟುತ್ತಿದ್ದ.