ಬಾಣನಿಗೊಂದು ಮನೆ ಹುಡುಕಿದ್ದು

ಏನನ್ನಾದರೂ ಸುಮ್ಮನೆ ಕೊಡುತ್ತೇನೆ ಅಂತ ಹೇಳಿ ನೋಡಿ, ಆಮೇಲೆ ನಿಮಗೆ ದಿನಾ ವಿಚಾರಣೆಯೇ. ತಮಿಳುನಾಡಿನ ತೇನಿಯಲ್ಲಿ ಹದಿನೆಂಟು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ನನ್ನ ಅಳತೆಯನ್ನು ಅನುಮಾನಿಸುವವರು, ಉಳಿದ ಬಟ್ಟೆಯನ್ನು ನಾನೇ ಇಟ್ಟುಕೊಂಡೆ ಅನ್ನುವವರು ದಿನಕ್ಕೊಬ್ಬರಾದರೂ ಬರುತ್ತಾರೆ. ಆದರೆ ಒಂದು ನಾಯಿಯನ್ನು ಕೊಡಲು ಹೊರಟಾಗ ಕಂಡಷ್ಟು ಅನುಮಾನ ಎಲ್ಲೂ ಕಂಡಿಲ್ಲ.

ಬೋಡಿ ರಸ್ತೆಯ ಪಾಳು ಬಾವಿಯಿಂದ ಅಗ್ನಿಶಾಮಕದವರು ಎತ್ತಿದ ನಾಯಿ ಅದು. ಸುತ್ತ ನಿಂತು ನೋಡುತ್ತಿದ್ದವರಲ್ಲಿ ನನ್ನೊಬ್ಬಳ ಕೈಯಲ್ಲೇ ಟವೆಲ್ ಇತ್ತು. "ಅಕ್ಕಾ, ಸ್ವಲ್ಪ ಒರೆಸಿ" ಅಂದರು. ಒರೆಸಿ ತಲೆ ಎತ್ತುವಷ್ಟರಲ್ಲಿ ಅವರ ಗಾಡಿ ಹೋಗಿಯಾಗಿತ್ತು.

ಕಂದು ಮೈ, ಕಪ್ಪು ಮೂತಿ, ವರ್ಷ ತುಂಬಿರಬಹುದಾದ ಗಂಡು. ಓಟ ನೋಡಿ ಬಾಣ ಅಂತ ಹೆಸರಿಟ್ಟೆ. ಅಳತೆ ಟೇಪು ಕಚ್ಚಿಕೊಂಡು ಅಂಗಡಿಯ ಮುಂಬಾಗಿಲಿಂದ ಹೊರಟರೆ ಬೀದಿಯನ್ನೇ ಒಂದು ಸುತ್ತು ಹಾಕಿ ಹಿಂಬಾಗಿಲಿಂದ ಬರುತ್ತಿತ್ತು. ಮಹಡಿಯ ಮೇಲಿನ ಓನರಮ್ಮ ಹತ್ತು ದಿನ ತಡೆದುಕೊಂಡರು. ಹನ್ನೊಂದನೇ ದಿನ ಕೆಳಗೆ ಬಂದು, "ಆಡಿ ಮಾಸ ಮುಗಿಯೋದರೊಳಗೆ ನಾಯಿ ಹೋಗಬೇಕು, ಇಲ್ಲಾ ಅಂಗಡಿ ಹೋಗಬೇಕು" ಅಂದರು. ಬೀದಿಗೆ ಬಿಡು ಅಂತ ಹೇಳಿದವರೂ ಇದ್ದರು. ಬಾವಿಯಿಂದ ಬದುಕಿ ಬಂದದ್ದನ್ನು ಲಾರಿಗಳ ಮಧ್ಯೆ ಬಿಡಲು ನನಗೆ ಮನಸ್ಸು ಬರಲಿಲ್ಲ.

ಮಳಿಗೆಯವರ ಪರೀಕ್ಷೆ

ಮೊದಲು ಬಂದವರು ಎದುರು ಸಾಲಿನ ದಿನಸಿ ಅಂಗಡಿಯವರು. ಬಾಣನನ್ನು ನೋಡುವ ಮೊದಲು ನನ್ನ ಮುಖವನ್ನೇ ತುಂಬ ಹೊತ್ತು ನೋಡಿದರು.

"ಸುಮ್ಮನೆ ಕೊಡ್ತೀಯಲ್ಲಮ್ಮ, ಇದಕ್ಕೇನು ಕಾಯಿಲೆ?"

"ಏನೂ ಇಲ್ಲ ಅಣ್ಣಾ. ಸೂಜಿ ಎಲ್ಲಾ ಹಾಕಿಸಿದ್ದೀನಿ."

"ಏನೂ ಇಲ್ಲ ಅಂದ್ರೆ ಯಾಕೆ ಕೊಡ್ತೀಯ?"

"ಓನರಮ್ಮ ಬೇಡ ಅಂದ್ರು."

"ಅವರು ಯಾಕೆ ಬೇಡ ಅಂದ್ರು? ಅವರಿಗೇನೋ ಗೊತ್ತಿದೆ."

ಹಲ್ಲು ನೋಡಿದರು, ಕಿವಿ ಮಡಚಿ ನೋಡಿದರು. "ಕಚ್ಚತ್ತಾ?" ಅಂತ ಕೇಳಿದರು. ಇಲ್ಲ ಅಂದೆ. "ಕಚ್ಚದ ನಾಯಿ ನನಗ್ಯಾಕೆ?" ಅಂದರು. ಅಗತ್ಯ ಬಿದ್ದರೆ ಕಚ್ಚಬಹುದು ಅಂದೆ. "ನೋಡು, ಈಗ ನಿಜ ಹೊರಗೆ ಬಂತು!" ಅಂತ ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಬಾಣ ಹಗ್ಗ ಬಿಡಿಸಿಕೊಂಡು ಬೀದಿಯಲ್ಲಿ ಮೂರು ಸುತ್ತು ಓಡಿತು. ಅವರು ಕಣ್ಣು ಕಿರಿದು ಮಾಡಿ ನೋಡಿ ಕೊನೆಯ ತೀರ್ಪು ಕೊಟ್ಟರು:

"ಕೆಲಸ ಇಲ್ಲದೆ ಯಾರೂ ಹಿಂಗೆ ಓಡಲ್ಲ. ಇದು ಎಲ್ಲೋ ಏನೋ ಮಾಡಿ ಬಂದಿದೆ."

ಜಾತಿ ನೋಡಲು ಬಂದವರು

ಬಾಣನ ಬಣ್ಣ ನೋಡಿದವರು, ಇದು ಕೊಂಬೈ ನಾಯಿ ಅಂತ ಸುದ್ದಿ ಹಬ್ಬಿಸಿದರು. ಆ ಊರಿನ ಹೆಸರು ಹೊತ್ತ ನಾಯಿ ಅಂದರೆ ನಮ್ಮ ಕಡೆ ಭಾರಿ ಗೌರವ. ಸುದ್ದಿ ಕೊಂಬೈಗೂ ಮುಟ್ಟಿ, ಅಲ್ಲಿಂದ ಬಿಳಿ ವೇಷ್ಟಿ ಉಟ್ಟ ಒಬ್ಬ ಹಿರಿಯರು ಬಸ್ ಹತ್ತಿ ಬಂದರು. ಅವರೂ ಮನೆಯಲ್ಲಿ ನಮ್ಮ ಹಾಗೇ ಅರ್ಧ ತಮಿಳು ಬೆರೆತ ಕನ್ನಡ ಆಡುವವರು. ಆದರೆ ನನ್ನನ್ನು ನಂಬಲು ಅದು ಸಾಲಲಿಲ್ಲ.

"ನಮ್ಮೂರ ಹೆಸರು ಹೇಳಿ ಕಂಡಕಂಡ ನಾಯಿನೆಲ್ಲ ದಾಟಿಸ್ತಾರಮ್ಮ. ನಾನು ನೋಡದೆ ಒಪ್ಪಲ್ಲ."

ನಾನು ಕೊಂಬೈ ಅಂತ ಹೇಳಲೇ ಇಲ್ಲ ಅಂದರೆ ಕೇಳಲಿಲ್ಲ. ಬಾಣನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಾಣ ಅವರ ಸುತ್ತ ಆರು ಬಂದಿತು. ಮೂತಿ ಹಿಡಿದರು, ಎದೆ ತಟ್ಟಿದರು, ಬಾಲ ಎತ್ತಿ ಬಿಟ್ಟು ಅದು ಹೇಗೆ ಬೀಳುತ್ತದೆ ಅಂತ ನೋಡಿದರು. ರವಿಕೆ ಇಸಿದುಕೊಳ್ಳಲು ಬಂದಿದ್ದ ಹೆಂಗಸರೆಲ್ಲ ಉಸಿರು ಹಿಡಿದು ನಿಂತರು.

"ತಾಯಿ ನಮ್ಮೂರವಳೇ. ಅದರಲ್ಲಿ ಮಾತಿಲ್ಲ."

"ತಂದೆ, ಅಯ್ಯಾ?"

ಅವರು ರಸ್ತೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಬಸ್ಸಲ್ಲಿ ಬಂದು ಬಸ್ಸಲ್ಲಿ ಹೋದವನು."

ನನ್ನ ಸರದಿ

ಇಷ್ಟಾದ ಮೇಲೆ ನನಗೂ ಅನುಮಾನ ಅಂಟಿತು. ಅದಕ್ಕೆ ಕಾರಣವೂ ಇತ್ತು. ಒಬ್ಬಾತ ನಾಯಿಯ ಹೆಸರನ್ನೂ ಕೇಳದೆ ಗೋಣಿಚೀಲ ಹಿಡಿದು ಬಂದಿದ್ದ. ಎಲ್ಲಿಗೆ ಅಂದರೆ "ಮೇಲೆ, ಎಸ್ಟೇಟಿಗೆ" ಅಂತ ಘಟ್ಟದ ಕಡೆ ಕೈ ತೋರಿಸಿದ. ಯಾವ ಎಸ್ಟೇಟು ಅಂತ ಕೇಳಿದ್ದಕ್ಕೆ ಚೀಲ ಮಡಚಿಕೊಂಡು ಹೋದ. ಅಂದಿನಿಂದ ಅಳತೆ ಬರೆಯುವ ನೋಟ್‌ಬುಕ್ಕಿನ ಹಿಂದೆ ಹದಿನಾಲ್ಕು ಪ್ರಶ್ನೆ ಬರೆದಿಟ್ಟುಕೊಂಡೆ.

ಆಮೇಲೆ ದಿಂಡಿಗಲ್ಲಿನಿಂದ ಕಾರಿನಲ್ಲಿ ವಯಸ್ಸಾದ ದಂಪತಿ ಬಂದರು. ಕಾರು ಓಡಿಸಿಕೊಂಡು ಬಂದ ಅವರ ಅಳಿಯನೂ ಪಕ್ಕದಲ್ಲೇ ಕುಳಿತರು. ಮನೆ ಸ್ವಂತದ್ದೋ ಬಾಡಿಗೆಯೋ, ಕಾಂಪೌಂಡು ಎಷ್ಟೆತ್ತರ, ಯಾರಿಗೆ ಕೋಪ ಜಾಸ್ತಿ, ಕುಡಿಯುವ ಅಭ್ಯಾಸ ಯಾರಿಗಿದೆ ಅಂತ ಒಂದೊಂದಾಗಿ ಕೇಳಿದೆ. ಹತ್ತನೇ ಪ್ರಶ್ನೆಗೆ ಯಜಮಾನರಿಗೆ ತಾಳ್ಮೆ ಹೋಯಿತು.

"ಏನಮ್ಮಾ ಇದು! ನಮ್ಮ ಮಗಳನ್ನ ಕೊಡೋವಾಗ ಕೂಡ ನಾವು ಇಷ್ಟು ಕೇಳಲಿಲ್ಲ!"

ಅವರ ಹೆಂಡತಿ ಅಳಿಯನ ಕಡೆ ಒಂದು ಸಲ ನೋಡಿ, ಮೆಲ್ಲಗೆ ನನ್ನತ್ತ ಬಾಗಿದರು.

"ಆ ನೋಟ್‌ಬುಕ್ ಸ್ವಲ್ಪ ಕೊಡಮ್ಮ. ನಮಗೆ ಇನ್ನೊಬ್ಬಳು ಮಗಳಿದ್ದಾಳೆ."

ಟೀಚರು

ಆಡಿ ಮಾಸ ಮುಗಿಯಲು ನಾಲ್ಕು ದಿನ ಇರುವಾಗ ಬೋಡಿಯಿಂದ ಆಟದ ಟೀಚರೊಬ್ಬರು ಬಂದರು. ಬೆಳಿಗ್ಗೆ ಘಟ್ಟದ ಬುಡದಲ್ಲಿ ಆರು ಕಿಲೋಮೀಟರ್ ಓಡುತ್ತಾರಂತೆ, ಜೊತೆಗೆ ಓಡಲು ಯಾರೂ ಇಲ್ಲವಂತೆ. ಹದಿನಾಲ್ಕಕ್ಕೂ ನಗುತ್ತಾ ಉತ್ತರ ಹೇಳಿ, ಅವರು ಒಂದೇ ಒಂದು ಕೇಳಿದರು:

"ಇದಕ್ಕೆ ಯಾವ ಭಾಷೆ ಬರುತ್ತಕ್ಕಾ?"

"ಕನ್ನಡ, ತಮಿಳು ಎರಡೂ ಅರ್ಥ ಆಗುತ್ತೆ. ಎರಡರಲ್ಲೂ ಮಾತು ಕೇಳಲ್ಲ."

"ನಮ್ಮ ಸ್ಕೂಲಿಗೆ ಸರಿಹೋಗುತ್ತೆ" ಅಂತ ಕರೆದುಕೊಂಡು ಹೋದರು.

ಬೋಡಿಯಲ್ಲಿ ಸಿಕ್ಕಿಬಿದ್ದದ್ದು

ಅಂಗಡಿ ಉಳಿಯಿತು. ಆದರೆ ಟೇಪು ಇಟ್ಟ ಕಡೆಯೇ ಇರುವುದನ್ನು ಕಂಡಾಗೆಲ್ಲ ಹಿಂಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ. ಟೀಚರು ದಿನಾ ಫೋನಿನಲ್ಲಿ "ಚೆನ್ನಾಗಿದ್ದಾನೆ" ಅನ್ನುತ್ತಿದ್ದರು. ದಿನಾ ಅದೇ ಮಾತು ಬಂದದ್ದರಿಂದ ನನಗೆ ಅನುಮಾನ ಹೆಚ್ಚಾಯಿತು. ಕಟ್ಟಿ ಹಾಕಿದ್ದಾರೋ ಏನೋ! ಎರಡನೇ ಭಾನುವಾರ, ಯಾರಿಗೂ ಹೇಳದೆ ಬಿಸ್ಕೆಟ್ ಪೊಟ್ಟಣದ ಜೊತೆ ಬೋಡಿ ಬಸ್ ಹತ್ತಿದೆ.

ಟೀಚರ ಮನೆಯ ಗೇಟು ಹಾಕಿತ್ತು. ಕಾಂಪೌಂಡಿನ ಪಕ್ಕದ ಕಲ್ಲಿನ ಮೇಲೆ ಹತ್ತಿ ಒಳಗೆ ಇಣುಕಿದೆ. ಹಿಂದಿನಿಂದ ಯಾರೋ ನನ್ನ ಮಣಿಕಟ್ಟು ಹಿಡಿದರು. ಎದುರು ಮನೆಯ ಪಾಟಿ. ಎಂಬತ್ತರ ಅಜ್ಜಿ, ಹಿಡಿತ ಮಾತ್ರ ಇಕ್ಕಳದ್ದು.

"ಬಾರಮ್ಮ ಕೆಳಗೆ. ಹಗಲಲ್ಲೇ ಕದಿಯೋಕೆ ಬಂದ್ಯಾ?"

"ಅಯ್ಯೋ ಪಾಟಿ, ಆ ನಾಯಿ ಮೊದಲು ನಂದೇ!"

"ಕಳ್ಳರೆಲ್ಲ ಹಂಗೇ ಅನ್ನೋದು."

ನಾಲ್ಕು ಮನೆಯವರು ಸೇರಿದರು. "ಬೇಕಾದ್ರೆ ಅದನ್ನೇ ಕೇಳಿ" ಅಂತ ನಾನು "ಬಾಣಾ!" ಅಂತ ಕೂಗಿದೆ. ಒಳಗಿನಿಂದ ಬಂತು ನೋಡಿ, ಗೋಡೆ ಹಾರಿ ನೇರ ನನ್ನ ಮೈಮೇಲೆ! ಮುಖವೆಲ್ಲ ನೆಕ್ಕಿತು. ನನಗೆ ಕಣ್ಣೀರೇ ಬಂತು. ಇನ್ನಾದರೂ ನಂಬುತ್ತಾರೆ ಅಂತ ಪಾಟಿಯ ಕಡೆ ತಿರುಗಿದರೆ, ಅವರು ನನ್ನ ಚೀಲದಿಂದ ಪೊಟ್ಟಣ ತೆಗೆದು ಎಲ್ಲರಿಗೂ ಎತ್ತಿ ತೋರಿಸುತ್ತಿದ್ದರು:

"ನೋಡ್ರೀ! ದಿನಾ ಬಿಸ್ಕೆಟ್ ಹಾಕಿ ಪಳಗಿಸಿಬಿಟ್ಟಿದ್ದಾಳೆ!"

ಪುಣ್ಯಕ್ಕೆ ತರಕಾರಿ ತರಲು ಹೋಗಿದ್ದ ಟೀಚರು ಬಂದರು. ನಗು ತಡೆದುಕೊಂಡು ಎಲ್ಲ ವಿವರಿಸಿ ಒಳಗೆ ಕರೆದು ಕಾಫಿ ಕೊಟ್ಟರು. ಬಾಣ ಒಂದಷ್ಟು ಹೊತ್ತು ನನ್ನ ಸೀರೆ ಮೂಸಿ, ಆಮೇಲೆ ಹೋಗಿ ಟೀಚರ ಓಟದ ಬೂಟಿನ ಮೇಲೆ ತಲೆಯಿಟ್ಟು ಮಲಗಿತು. ಅದು ಮಲಗಿದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಮನಸ್ಸು ತಣ್ಣಗಾಯಿತು.

ಹೊರಟಾಗ ಪಾಟಿ ಬಸ್ ಸ್ಟ್ಯಾಂಡಿನ ತನಕ ನನ್ನ ಜೊತೆ ನಡೆದು ಬಂದರು. ಪಾಪ, ಬೈದದ್ದಕ್ಕೆ ಬೇಜಾರಾಗಿರಬೇಕು ಅಂದುಕೊಂಡೆ. ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟರು, ಕಂಡಕ್ಟರನ ಹತ್ತಿರ ಏನೋ ಹೇಳಿದರು, ಬಸ್ ತಿರುಗುವವರೆಗೂ ನಿಂತು ನೋಡಿದರು. ನಾನೂ ಕೈ ಬೀಸಿದೆ.

ಬಸ್ ಊರು ದಾಟಿದ ಮೇಲೆ ಕಂಡಕ್ಟರ್ ಬಂದು ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದ:

"ತೇನಿ ಬರೋ ತನಕ ಈ ಅಮ್ಮನ್ನ ಎಲ್ಲೂ ಇಳಿಸಬೇಡ ಅಂದ್ರಲ್ಲ ಆ ಪಾಟಿ. ಏನಮ್ಮಾ ಕೇಸು?"