ಶಾರ್ಕಿನ ಹಲ್ಲು, ಚಿಟ್ಟೆಯ ಬಾಯಿ

ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದವರು ಮಾತಾಡಲಾರರು ಎಂದು ಜನ ತಿಳಿದಿದ್ದಾರೆ. ನಾನು ಚಿಂತಾಮಣಿಯಲ್ಲಿ ಕ್ಲಿನಿಕ್ ಇಟ್ಟ ಮೇಲೆ ಅದು ಸುಳ್ಳೆಂದು ಆಗಾಗ ಸಾಬೀತಾಗುತ್ತಲೇ ಇತ್ತು. ಎರಡು ಸಾವಿರದ ಇಸವಿ ದಾಟಿತ್ತಷ್ಟೆ. ಅಂಬಾಜಿದುರ್ಗದ ಕಡೆಯ ಒಬ್ಬ ಅಜ್ಜಿ ಬರುತ್ತಿದ್ದರು. ಮನೆಯಲ್ಲಿ ರೇಷ್ಮೆಹುಳ ಸಾಕಣೆ. ಅಂಥ ಮಾತುಗಾರ್ತಿಯನ್ನು ನಾನು ಮತ್ತೆ ಕಂಡಿಲ್ಲ.

ಗೋಡೆಯ ಮೀನು

ಔಷಧಿ ಕಂಪನಿಯವರು ಕೊಟ್ಟ ಕ್ಯಾಲೆಂಡರಿನಲ್ಲಿ ಒಂದು ಬಿಳಿ ಶಾರ್ಕ್ ಬಾಯಿ ತೆರೆದು ನಿಂತಿತ್ತು. ಕುರ್ಚಿಯಲ್ಲಿ ಕೂತ ಅಜ್ಜಿ ಅದನ್ನೇ ನೋಡಿದರು.

“ಇದರ ಹಲ್ಲೂ ನೀನೇ ಕೀಳ್ತೀಯಾ?”

“ಅದಕ್ಕೆ ತಾನಾಗೇ ಬೀಳ್ತವೆ ಅಜ್ಜಿ. ಹಿಂದಿನ ಸಾಲಿಂದ ಹೊಸದು ಮುಂದಕ್ಕೆ ಬರುತ್ತೆ. ಸಾಯೋವರೆಗೂ ಹಂಗೇ.”

ಅಜ್ಜಿ ನನ್ನ ಮೆಷಿನ್ನು, ಇಕ್ಕಳ ಎಲ್ಲ ಒಮ್ಮೆ ನೋಡಿದರು. “ಸಮುದ್ರದ ಕಡೆ ಮಾತ್ರ ಅಂಗಡಿ ಇಡಬೇಡ ನಾಯ್ನಾ. ಒಬ್ರೂ ಬರಲ್ಲ.”

ಚಿಟ್ಟೆಯ ದಾರಿ

ಅಲ್ಲಾಡುತ್ತಿದ್ದ ಹಲ್ಲುಗಳನ್ನೆಲ್ಲ ಕಿತ್ತಾಯಿತು. ಗಾಯ ಮಾಗಿದ ಮೇಲೆ ಸೊಸೆ ಕರೆದುಕೊಂಡು ಬಂದಳು, ಮುಖ ಚಿಕ್ಕದು ಮಾಡಿಕೊಂಡು.

“ಗಂಜಿ ಬಿಟ್ಟು ಏನೂ ಮುಟ್ತಿಲ್ಲ ಡಾಕ್ಟ್ರೇ. ಸೊರಗಿಹೋಗವ್ರೆ. ಹಲ್ಲಿನ ಸೆಟ್ಟು ಬೇಡವೇ ಬೇಡ ಅಂತಾರೆ.”

ಅಜ್ಜಿ ಶಾಂತವಾಗಿ ಹೇಳಿದರು: “ನಮ್ಮ ಹುಳ ನೋಡು. ಹುಳವಾಗಿದ್ದಾಗ ಹೊತ್ತೊತ್ತಿಗೂ ಸೊಪ್ಪು ಬೇಕು. ಚಿಟ್ಟೆಯಾಗಿ ಗೂಡಿಂದ ಈಚೆ ಬಂತೋ, ಮುಗೀತು. ಒಂದು ತುತ್ತು ತಿನ್ನಲ್ಲ. ಮೊಟ್ಟೆ ಇಟ್ಟು ಹೊರಡುತ್ತೆ. ನಂಗೂ ಮಕ್ಕಳು, ಮೊಮ್ಮಕ್ಕಳು ಎಲ್ಲ ಆಯ್ತು. ಇನ್ನೇನು ತಿನ್ನೋದು?”

ಸೊಸೆಯ ಕಣ್ಣು ತುಂಬಿತು. ನಾನು ಕೇಳಿದೆ: “ಆ ಚಿಟ್ಟೆ ವಾರ ಬದುಕಿದ್ರೆ ಹೆಚ್ಚು ಅಜ್ಜಿ. ನಿಮಗೆ ಮೊಮ್ಮಕ್ಕಳಾಗಿ ಎಷ್ಟು ವರ್ಷ ಆಯ್ತು?”

ಅಜ್ಜಿ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. “ಆ ಮೀನು ಎಷ್ಟು ಕಾಲ ಇರುತ್ತೆ?”

“ಸುಮಾರು ವರ್ಷ.”

“ತಿಂತಾನೇ ಇರುತ್ತಾ?”

“ತಿಂತಾನೇ ಇರುತ್ತೆ.”

“ಹಂಗಾದ್ರೆ ಅಳತೆ ತಗೋ.”

ಹೊಸ ಹಲ್ಲು

ಸೆಟ್ಟು ಚೆನ್ನಾಗಿ ಕೂತಿತು. ಅಜ್ಜಿ ಮುದ್ದೆ ನುಂಗುವುದಷ್ಟೇ ಅಲ್ಲ, ಚಕ್ಕುಲಿಯನ್ನೂ ಬಿಡುತ್ತಿಲ್ಲ ಎಂದು ಸೊಸೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದಳು. ಅವಳ ಖುಷಿ ನೋಡಿ ನನಗೂ ಹೆಮ್ಮೆಯಾಯಿತು. ಆದರೆ ತಪಾಸಣೆಗೆ ಬಂದ ದಿನ ಅಜ್ಜಿಯ ಬಾಯಿ ಬೋಳು.

“ಸೆಟ್ಟೆಲ್ಲಿ ಅಜ್ಜಿ? ಮುರೀತಾ?”

“ಇಲ್ಲ ನಾಯ್ನಾ. ಪೆರೇಸಂದ್ರದ ನಮ್ಮ ಬೀಗಿತ್ತಿ ಮನೇಲಿ ಇವತ್ತು ಮದುವೆ. ಪಾಪ, ಅವಳಿಗೂ ಹಲ್ಲಿಲ್ಲ. ತಗೊಂಡು ಹೋದಳು.”

ಕೈಲಿದ್ದ ಕನ್ನಡಿಯನ್ನು ಟ್ರೇಗೆ ಹಾಕಿದೆ. “ಅಜ್ಜಿ, ಒಬ್ಬರ ಹಲ್ಲು ಇನ್ನೊಬ್ಬರು ಹಾಕ್ಕೊಂಡು ಊಟ ಮಾಡಬಾರದು.”

ಅಜ್ಜಿ ನನ್ನ ಭುಜ ತಟ್ಟಿ ಸಮಾಧಾನ ಮಾಡಿದರು. “ನಂಗಷ್ಟೂ ಗೊತ್ತಾಗಲ್ವಾ? ಊಟಕ್ಕೆ ಮುಂಚೆ ಬಿಚ್ಚಿಡು ಅಂತ ಆಣೆ ಹಾಕಿಸಿಕೊಂಡೇ ಕೊಟ್ಟಿದೀನಿ. ಬರೀ ಫೋಟೋಗೆ.”